ಕಲಿಕೆಯಲ್ಲಿ ಮುಂದಿರುವ ಮಗು, ಹೊಸ ಸರ್ಕಾರಿ ಶಾಲೆ: ಏನು ಕೊಂಡೊಯ್ಯಬೇಕು, ಏನು ಕೇಳಬೇಕು, ಯಾವ ವರ್ಷ ಶಾಲೆ ಬಿಡಿಸಬಾರದು

ತುಂಗಾತೀರ

ಪರೀಕ್ಷೆ ಮುಗಿದು ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ಹತ್ತು ಕಡೆ ಬರುತ್ತದೆ, ಉತ್ತರಗಳು ಚದುರಿಹೋಗುತ್ತವೆ. ಒಂದೇ ಕಡೆ ಸೇರಲಿ ಅಂತ ಶುರು ಮಾಡುತ್ತಿದ್ದೇನೆ.

ವಿಷಯ ಇಷ್ಟು. ಸರ್ಕಾರಿ ಶಾಲೆಯ ಮಗು ತನ್ನ ತರಗತಿಗಿಂತ ಒಂದೆರಡು ವರ್ಷ ಮುಂದಿದೆ. ಹಳೆಯ ಶಾಲೆಯ ಶಿಕ್ಷಕರಿಗೆ ಅದು ಗೊತ್ತಿದೆ, ಪುಸ್ತಕ ಕೊಟ್ಟು, ಬೇರೆ ಲೆಕ್ಕ ಕೊಟ್ಟು ನಡೆಸಿಕೊಂಡು ಬಂದಿದ್ದಾರೆ. ಈಗ ಊರು ಬದಲಿಸಬೇಕು, ಇನ್ನೊಂದು ಸರ್ಕಾರಿ ಶಾಲೆ. ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ.

ಹಳೆಯ ಶಾಲೆಯಿಂದ ಟಿ.ಸಿ. ಬಿಟ್ಟು ಇನ್ನೇನು ತರಬೇಕು? ಹೊಸ ಮುಖ್ಯ ಶಿಕ್ಷಕರ ಹತ್ತಿರ ಏನು ಕೇಳಿದರೆ ಕೆಲಸ ಆಗುತ್ತದೆ, ಏನು ಕೇಳಿದರೆ ಮಾತೇ ಮುರಿಯುತ್ತದೆ? ಶಾಲೆ ಬದಲಿಸಲೇಬಾರದ ವರ್ಷ ಅಂತ ಇದೆಯೇ? ಮನೆಯ ಮಕ್ಕಳ ಕಥೆ ಬೇಡ, ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವ ವಿವರ ಬರೆಯಿರಿ.

ಏಣಿಮೆಟ್ಟಿಲು

ಮೂರು ಪ್ರಶ್ನೆಗೂ ಮೊದಲು ಒಂದು ವಿಚಾರ. ನಮ್ಮಲ್ಲಿ ‘ಪ್ರತಿಭಾನ್ವಿತ’ ಎಂಬ ಹಣೆಪಟ್ಟಿ ಮಗುವಿನ ಜೊತೆ ಶಾಲೆಯಿಂದ ಶಾಲೆಗೆ ಹೋಗಿ ಕೆಲಸ ಮಾಡುವುದಿಲ್ಲ. ಯುಡೈಸ್ ಪ್ಲಸ್‌ನ (ದೇಶದ ಶಾಲೆಗಳ, ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ವಿದ್ಯಾರ್ಥಿ ವಿವರದಲ್ಲಿ ಮಗುವನ್ನು ಪ್ರತಿಭಾನ್ವಿತ ಎಂದು ಗುರುತಿಸಲಾಗಿದೆಯೇ ಎಂಬ ಪ್ರಶ್ನೆ ಇದೆ, ನಿಜ. ತುಂಬುವವರು ನೂರಾರು ಮಕ್ಕಳ ವಿವರ ಒಟ್ಟಿಗೆ ತುಂಬುವಾಗ ಅದು ಸುಲಭವಾಗಿ ‘ಇಲ್ಲ’ ಆಗಿಬಿಡುತ್ತದೆ. ‘ಹೌದು’ ಅಂತ ತುಂಬಿಸಿ ಅಂತ ಕೇಳಿಕೊಳ್ಳಿ, ತಪ್ಪಿಲ್ಲ. ಆದರೆ ಅದರಿಂದ ತರಗತಿಯಲ್ಲಿ ಏನೂ ಬದಲಾಗುವುದಿಲ್ಲ. ಬದಲಾಗುವುದು ಹೊಸ ಶಿಕ್ಷಕರು ಮಗುವಿನ ಕೆಲಸವನ್ನು ಕಣ್ಣಾರೆ ಕಂಡಾಗ. ಆದ್ದರಿಂದ ಕೊಂಡೊಯ್ಯಬೇಕಾದ್ದು ಕೆಲಸವನ್ನೇ.

ಆರರಿಂದ ಎಂಟು ಹಾಳೆ ಸಾಕು. ದಪ್ಪ ಫೈಲು ಒಯ್ದರೆ ಯಾರೂ ತೆರೆಯುವುದಿಲ್ಲ. ಗಣಿತದ ನೋಟ್‌ಬುಕ್ಕಿನ ಎರಡು ಪುಟ, ತಾರೀಖು ಕಾಣುವಂತೆ ಜೆರಾಕ್ಸ್. ಸ್ವಂತ ಬರವಣಿಗೆಯ ಒಂದು ಪುಟ, ತಿದ್ದದೆ ಹಾಗೇ. ಕಳೆದ ಆರು ತಿಂಗಳಲ್ಲಿ ಓದಿದ ಪುಸ್ತಕಗಳ ಪಟ್ಟಿ, ಪ್ರತಿ ಪುಸ್ತಕದ ಮುಂದೆ ಮಗುವೇ ಬರೆದ ಒಂದು ಸಾಲು. ಪ್ರಗತಿ ಪತ್ರದ ಪ್ರತಿ. ಹಳೆಯ ಶಿಕ್ಷಕರು ಬರೆದ ಅರ್ಧ ಪುಟ.

ಗಣಿತದ ಪುಟ ಯಾವುದಿರಬೇಕು ಅನ್ನುವುದು ಮುಖ್ಯ. ಹತ್ತಕ್ಕೆ ಹತ್ತು ಬಂದ ಪುಟ ಬೇಡ, ಅದು ಎಲ್ಲರ ಹತ್ತಿರವೂ ಇರುತ್ತದೆ. ಲೆಕ್ಕ 36 × 25 ಅಂತಿಟ್ಟುಕೊಳ್ಳಿ. ಒಂದರ ಕೆಳಗೊಂದು ಬರೆದು ಗುಣಿಸುವ ಬದಲು ಮಗು ಒಂದೇ ಸಾಲು ಬರೆದಿದೆ: ‘4 ಸಲ 25 ಅಂದ್ರೆ 100. 36ರಲ್ಲಿ 9 ಸಲ 4. ಅದಕ್ಕೆ 900.’ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಹಂತ ಬರೆ’ ಅಂತ ಇದೆ. ಆ ಪುಟ ತೆಗೆದಿಡಿ. ಗಣಿತ ಬಲ್ಲ ಯಾವ ಶಿಕ್ಷಕರಿಗೂ ಅದನ್ನು ನೋಡಿದ ಮೇಲೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹಳೆಯ ಶಿಕ್ಷಕರ ಅರ್ಧ ಪುಟದಲ್ಲಿ ‘ಬುದ್ಧಿವಂತ, ಚಟುವಟಿಕೆಯ ವಿದ್ಯಾರ್ಥಿ’ ಅಂತ ಇದ್ದರೆ ಅದು ನಡತೆ ಪ್ರಮಾಣಪತ್ರದ ಭಾಷೆಯಾಯಿತು. ಹೀಗೆ ಬರೆಸಿ: ಛೇದ ಬೇರೆ ಇರುವ ಭಿನ್ನರಾಶಿಗಳನ್ನು ತಾನೇ ಕೂಡುತ್ತಾಳೆ, ಐದನೇ ತರಗತಿಯ ಪರಿಸರ ಪಾಠ ಓದಿ ಪ್ರಶ್ನೆ ಕೇಳುತ್ತಾಳೆ, ಉದ್ದ ಬರವಣಿಗೆ ಅಂದರೆ ಬೇಸರ, ಬೇಗ ಮುಗಿಸಿ ಸುಮ್ಮನೆ ಕೂತರೆ ಪಕ್ಕದವರನ್ನು ಮಾತಿಗೆಳೆಯುತ್ತಾಳೆ. ಕೊನೆಯ ಎರಡನ್ನೂ ಬರೆಸಲೇಬೇಕು. ದೋಷವನ್ನೂ ಹೇಳಿದ ಪತ್ರವನ್ನು ಹೊಸ ಶಿಕ್ಷಕರು ನಂಬುತ್ತಾರೆ.

ಏಣಿಮೆಟ್ಟಿಲು

ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಬೇರೆ ಮಾತು, ಮೇಲೆ ಸೇರಿಸಲಿಲ್ಲ. ಆ ಮೂರೂ ತರಗತಿಗೆ ನಲಿ-ಕಲಿ, ಅಂದರೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ. ಅದರ ಹುಟ್ಟೇ ‘ಪ್ರತಿ ಮಗು ತನ್ನ ವೇಗದಲ್ಲಿ’ ಅನ್ನುವುದರಿಂದ. ಹೆಗ್ಗಡದೇವನಕೋಟೆಯಲ್ಲಿ 1990ರ ದಶಕದಲ್ಲಿ ಶುರುವಾದಾಗಿನಿಂದ ಅದರ ಬೆನ್ನೆಲುಬು ಕಲಿಕಾ ಏಣಿ: ಕಲಿಯಬೇಕಾದ್ದನ್ನು ಮೈಲಿಗಲ್ಲುಗಳೆಂಬ ಹಂತಗಳಾಗಿ ಜೋಡಿಸಿದ ಪಟ್ಟಿ. ಮೈಲಿಗಲ್ಲು ಮುಗಿಸಿದ ಮಗು ಮುಂದಿನ ಮೈಲಿಗಲ್ಲಿಗೆ ಹೋಗಬಹುದು, ಉಳಿದವರಿಗೆ ಕಾಯಬೇಕಾಗಿಲ್ಲ. ಹಾಗಾಗಿ ಎರಡನೇ ತರಗತಿಯ ಮಗು ಮೂರರ ಕಾರ್ಡು ತೆಗೆಯುವುದು ವಿಶೇಷ ಸವಲತ್ತೇನಲ್ಲ, ಪದ್ಧತಿಯೇ ಹಾಗಿದೆ. ಶಾಲೆ ಬಿಡುವ ಮೊದಲು ಮಗು ಯಾವ ವಿಷಯದಲ್ಲಿ ಎಷ್ಟನೇ ಮೈಲಿಗಲ್ಲಿನಲ್ಲಿದೆ ಅಂತ ಪ್ರಗತಿ ನೋಟದಿಂದ ಬರೆಸಿಕೊಳ್ಳಿ. ಹೊಸ ಶಾಲೆಯಲ್ಲಿ ‘ಅಲ್ಲಿಂದ ಮುಂದುವರಿಸಿ’ ಅಂತ ಕೇಳಿದರೆ ಸಾಕು.

ಕೆಡುವುದು ಎಲ್ಲಿ ಗೊತ್ತೇ? ಕೆಲವು ಕಡೆ ಏಣಿ ಗೋಡೆಯ ಮೇಲಿರುತ್ತದೆ, ಪಾಠ ಮಾತ್ರ ಎಲ್ಲರಿಗೂ ಒಟ್ಟಿಗೆ ನಡೆಯುತ್ತದೆ. ಇನ್ನು ಕೆಲವು ಕಡೆ ಮುಂದಿರುವ ಮಗುವನ್ನು ವರ್ಷವಿಡೀ ಗೆಳೆಯರಿಗೆ ನೆರವಾಗುವ ತಟ್ಟೆಯಲ್ಲೇ (ನಲಿ-ಕಲಿಯಲ್ಲಿ ಗುಂಪಿಗೆ ತಟ್ಟೆ ಅನ್ನುತ್ತಾರೆ) ಕೂರಿಸುತ್ತಾರೆ. ಬೇರೆಯವರಿಗೆ ಹೇಳಿಕೊಡುವುದು ಒಳ್ಳೆಯದೇ, ಹೇಳಿಕೊಡುತ್ತ ತಾನೂ ಗಟ್ಟಿಯಾಗುತ್ತದೆ. ಆದರೆ ದಿನಾ ಅದೇ ಆದರೆ ಮಗುವಿನ ಸ್ವಂತ ಕಲಿಕೆ ನಿಂತಿತು ಅಂತಲೇ ಅರ್ಥ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ ಅಂತ ವಿನಯವಾಗಿ ಹೇಳಬಹುದು.

ಜೋಳದರೊಟ್ಟಿ

ಮೇಷ್ಟ್ರು ಛಲೋ ಹೇಳ್ಯಾರ. ಹೆಡ್‌ಮಾಸ್ತರ ಮುಂದ ಹೆಂಗ ಮಾತಾಡಬೇಕು ಅನ್ನೋದನ್ನ ನಾ ಹೇಳ್ತೀನಿ.

ಹೋದ ಕೂಡ್ಲೇ ‘ನಮ್ಮ ಹುಡುಗ ಭಾಳ ಶ್ಯಾಣ್ಯಾ ಅದಾನ್ರಿ’ ಅನ್ನಬ್ಯಾಡ್ರಿ. ಎಲ್ಲಾ ಅಪ್ಪ-ಅವ್ವನೂ ಅದನ್ನ ಹೇಳ್ತಾರ, ಅವ್ರ ಕಿವಿಗೆ ಅದು ಬೀಳೂದೇ ಇಲ್ಲ. ‘ಹಿಂದಿನ ಸಾಲ್ಯಾಗ ಹಿಂಗ ಮಾಡ್ತಿದ್ರು’ ಅಂತ ಹೋಲಿಸಿಯಂತೂ ಮಾತಾಡಲೇಬ್ಯಾಡ್ರಿ. ಜೂನ್ ಮೊದಲ ವಾರ ಹೆಡ್‌ಮಾಸ್ತರಿಗೆ ಪುಸ್ತಕ, ಸಮವಸ್ತ್ರ, ದಾಖಲಾತಿ ಆಂದೋಲನ, ಬಿಸಿಯೂಟದ ಲೆಕ್ಕ, ಎಲ್ಲಾ ಒಮ್ಮೆಲೆ ಮೈಮ್ಯಾಲೆ ಬಿದ್ದಿರ್ತದ. ಆವಾಗ ದಾಖಲಾತಿ ಒಂದ ಮುಗಿಸ್ಕೊಂಡು ಬರ್ರಿ. ಎರಡು ವಾರ ಬಿಟ್ಟು, ಸಂಜೀಕ ಸಾಲಿ ಬಿಟ್ಟ ಮ್ಯಾಲೆ, ಮೊದಲು ವರ್ಗದ ಶಿಕ್ಷಕರನ್ನ ನೋಡ್ರಿ, ಆಮ್ಯಾಲೆ ಹೆಡ್‌ಮಾಸ್ತರನ್ನ. ಅಕ್ಕೋರನ್ನ ಬಿಟ್ಟು ಸೀದಾ ಮ್ಯಾಲೆ ಹೋದ್ರ, ಮಗೂಗೆ ದಿನಾ ಪಾಠ ಹೇಳೋರೇ ಮುನಿಸ್ಕೋತಾರ.

ಕೇಳೂದು ಒಂದ ಇರಲಿ, ಸಣ್ಣದಿರಲಿ, ರೊಕ್ಕ ಹತ್ತಬಾರದು. ಮಗು ನಾಕನೇತ್ತದಾಗ ಐತಿ ಅಂತ ತಿಳ್ಕೋರಿ. ‘ವಾರದಾಗ ಎರಡು ದಿನ ಗಣಿತದ ಪಿರಿಯಡ್ಡಿಗೆ ಐದನೇತ್ತದಾಗ ಕುಂಡ್ರಲಿ.’ ಅಷ್ಟ. ಹಿಂಗ ಕೇಳಿದ್ರ ಅವ್ರು ಆಗ್ತದ ಇಲ್ಲಾ ಆಗಂಗಿಲ್ಲ ಅಂತ ಹೇಳಬಹುದು. ‘ಸ್ವಲ್ಪ ಲಕ್ಷ್ಯ ಕೊಡ್ರಿ’ ಅಂದ್ರ ‘ಕೊಡೂಣಂತ’ ಅಂತಾರ, ಮಾತು ಅಲ್ಲಿಗೇ ಮುಗೀತು.

ತುಂಗಾತೀರ

ಐದನೇ ತರಗತಿಯಲ್ಲಿ ಕೂರಿಸುವುದಕ್ಕೆ ಮುಖ್ಯ ಶಿಕ್ಷಕರು ಒಪ್ಪುತ್ತಾರೆಯೇ? ‘ನಿಯಮದಲ್ಲಿ ಇಲ್ಲ’ ಅಂದರೆ?

ಏಣಿಮೆಟ್ಟಿಲು

ನಿಯಮ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಕಲಂ 24(1)(ಡಿ) ಶಿಕ್ಷಕರ ಕರ್ತವ್ಯಗಳಲ್ಲಿ ಒಂದಾಗಿ ಹೇಳುವುದೇ ಇದನ್ನು: ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಅಳೆದು, ಅದಕ್ಕೆ ತಕ್ಕಂತೆ ಬೇಕಾದ ಹೆಚ್ಚುವರಿ ಬೋಧನೆ ಒದಗಿಸುವುದು. ಇದನ್ನು ಹಿಂದುಳಿದ ಮಕ್ಕಳಿಗೆ ಮಾತ್ರ ಅನ್ವಯಿಸಿ ಓದುವುದು ರೂಢಿ. ಕಲಂನಲ್ಲಿರುವುದು ‘ಪ್ರತಿ ಮಗು’. ಕಲಂ 29(2) ಕೂಡ ಮಗುವಿನ ಜ್ಞಾನ, ಸಾಮರ್ಥ್ಯ, ಪ್ರತಿಭೆ ಬೆಳೆಸುವುದನ್ನು ಪಠ್ಯಕ್ರಮದ ಗುರಿಗಳಲ್ಲಿ ಸೇರಿಸಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಪ್ರತಿಭಾನ್ವಿತರ ಬಗ್ಗೆ 4.43ರಿಂದ 4.46ರವರೆಗೆ ಪ್ಯಾರಾಗಳಿವೆ, ಆದರೆ ನಮ್ಮ ರಾಜ್ಯ ಆ ನೀತಿಯನ್ನು ಬದಿಗಿಟ್ಟಿರುವುದರಿಂದ ಆ ಪುಟ ಹಿಡಿದುಕೊಂಡು ಹೋಗಬೇಡಿ. ಕಾಯ್ದೆಯ ಮಾತು ಸಾಕು, ಅದೂ ಮೊದಲ ಭೇಟಿಯಲ್ಲೇ ಬೇಡ.

ಇನ್ನು ಅಳೆಯುವುದು ಹೇಗೆ? ಅದಕ್ಕೆ ಶಾಲೆಯ ಹತ್ತಿರವೇ ಸಾಧನ ಇದೆ, ಸೇತುಬಂಧ. ಜೂನ್ ಆರಂಭದಲ್ಲಿ ಪ್ರತಿ ತರಗತಿಗೂ ಪೂರ್ವ ಪರೀಕ್ಷೆ ಮಾಡುತ್ತಾರೆ. ಐದನೇ ತರಗತಿಯ ಸೇತುಬಂಧ ಅಳೆಯುವುದು ಹಿಂದಿನ ವರ್ಷ, ಅಂದರೆ ನಾಲ್ಕನೇ ತರಗತಿಯಲ್ಲಿ ಕಲಿಯಬೇಕಾದ್ದನ್ನು. ಹಾಗಾದರೆ ಈಗ ತಾನೇ ನಾಲ್ಕಕ್ಕೆ ಬಂದ ಮಗುವಿಗೆ ಐದರ ಗಣಿತದ ಪೂರ್ವ ಪರೀಕ್ಷೆ ಕೊಡಿ. ಅದರಲ್ಲಿ ಮಗು ಹತ್ತರಲ್ಲಿ ಎಂಟೊಂಬತ್ತು ಸರಿ ಮಾಡಿದರೆ ನಾಲ್ಕನೇ ತರಗತಿಯ ಗಣಿತ ಈಗಾಗಲೇ ಬರುತ್ತದೆ ಎಂದಾಯಿತು. ಪ್ರಶ್ನೆಪತ್ರಿಕೆ ಶಾಲೆಯದೇ, ನೋಡುವವರು ಅವರೇ, ಖರ್ಚು ಒಂದು ಹಾಳೆ. ಪೋಷಕರು ಮನೆಯಲ್ಲಿ ಮಾಡಿಸಿ ತಂದರೆ ಬೆಲೆ ಇಲ್ಲ, ಶಾಲೆಯಲ್ಲೇ ಆಗಬೇಕು. ಬರೇ ಐದಾರು ಸರಿಯಾದರೆ ಬೇರೆ ತರಗತಿಯ ಮಾತು ಬಿಡಿ, ಯಾವುದು ಬಂದಿಲ್ಲ ಅಂತ ನೋಡಿ ಅದನ್ನು ತುಂಬಿಸಿ.

ಒಪ್ಪಿದ ಮೇಲೂ ವೇಳಾಪಟ್ಟಿಯ ತೊಡಕು ಬರುತ್ತದೆ. ಚಿಕ್ಕ ಶಾಲೆಯಲ್ಲಿ ನಾಲ್ಕು-ಐದು ಒಂದೇ ಕೋಣೆಯಲ್ಲಿದ್ದರೆ ಸಮಸ್ಯೆಯೇ ಇಲ್ಲ, ಬೆಂಚು ಬದಲಿಸಿದರಾಯಿತು. ದೊಡ್ಡ ಶಾಲೆಯಲ್ಲಿ ಎರಡೂ ತರಗತಿಯ ಗಣಿತ ಒಂದೇ ಪಿರಿಯಡ್‌ನಲ್ಲಿ ಬರಬೇಕು, ಇಲ್ಲದಿದ್ದರೆ ಮಗುವಿಗೆ ತನ್ನ ತರಗತಿಯ ಕನ್ನಡವೋ ಪರಿಸರವೋ ತಪ್ಪುತ್ತದೆ. ಆದ್ದರಿಂದ ವೇಳಾಪಟ್ಟಿ ಗೋಡೆಗೆ ಅಂಟುವ ಮೊದಲೇ ಕೇಳಬೇಕು. ಹಾಜರಾತಿ, ಎಫ್.ಎ. (ನಡುನಡುವಿನ ಕಿರು ಮೌಲ್ಯಮಾಪನ), ಎಸ್.ಎ. (ಅವಧಿ ಕೊನೆಯ ಪರೀಕ್ಷೆ) ಎಲ್ಲ ಸ್ವಂತ ತರಗತಿಯಲ್ಲೇ ಇರಲಿ.

ಇನ್ನೊಂದನ್ನು ಪೋಷಕರು ಮರೆಯುತ್ತಾರೆ. ಈ ವರ್ಷ ಐದರ ಗಣಿತ ಮುಗಿಸಿದರೆ ಮುಂದಿನ ವರ್ಷ ಆರರದ್ದು ಬೇಕಲ್ಲ? ಕಿರಿಯ ಪ್ರಾಥಮಿಕ ಶಾಲೆ ಐದಕ್ಕೇ ಮುಗಿಯುತ್ತದೆ. ಎರಡು ಶಾಲೆಗಳಲ್ಲಿ ಆಯ್ಕೆ ಇದ್ದರೆ ಹಿರಿಯ ಪ್ರಾಥಮಿಕ ಶಾಲೆಯನ್ನೇ ಆರಿಸಿ. ಹತ್ತಿರದಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ ಇದ್ದರೆ ಇನ್ನೂ ಒಳ್ಳೆಯದು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಪ್ರೌಢಶಾಲೆಯ ಗಣಿತ ಶಿಕ್ಷಕರು ನಾಲ್ಕು ಹೆಜ್ಜೆ ದೂರ.

ಹೊಸಹಾದಿ

ಇಷ್ಟೆಲ್ಲ ಯಾಕೆ? ನೇರವಾಗಿ ಒಂದು ತರಗತಿ ಹಾರಿಸಿಬಿಟ್ಟರೆ ಆಗದೇ? ಹಿಂದೆಲ್ಲ ಡಬಲ್ ಪ್ರಮೋಷನ್ ಸಾಮಾನ್ಯವಾಗಿತ್ತಲ್ಲ.

ಬಯಲುಸೀಮೆ

ದಯವಿಟ್ಟು ಬೇಡ. ಅದರಲ್ಲೂ ಮೂರರಿಂದ ಐದನೇ ತರಗತಿಯ ನಡುವೆ ಬೇಡವೇ ಬೇಡ. ಕಾರಣ ನವೋದಯ, ಆರನೇ ತರಗತಿಗೆ ಪರೀಕ್ಷೆ ನಡೆಸಿ ಸೇರಿಸಿಕೊಳ್ಳುವ ಕೇಂದ್ರ ಸರ್ಕಾರದ ವಸತಿ ಶಾಲೆ.

ಜವಾಹರ್ ನವೋದಯ ವಿದ್ಯಾಲಯದ ಆರನೇ ತರಗತಿ ಪ್ರವೇಶಕ್ಕೆ ಮಗು ಮೂರು ಮತ್ತು ನಾಲ್ಕನೇ ತರಗತಿಗಳಲ್ಲಿ ತಲಾ ಒಂದು ಪೂರ್ಣ ಶೈಕ್ಷಣಿಕ ವರ್ಷ ಓದಿ ಪಾಸಾಗಿರಬೇಕು, ಐದರಲ್ಲಿ ಓದುತ್ತಿರಬೇಕು. ನಾಲ್ಕನ್ನು ಹಾರಿದ ಮಗುವಿಗೆ ಅರ್ಹತೆಯೇ ಹೋಗುತ್ತದೆ. ಜೊತೆಗೆ ಹುಟ್ಟಿದ ದಿನಾಂಕದ ಮಿತಿಯೂ ಇದೆ. ಪರೀಕ್ಷೆ ಬರೆಯುವ ಅವಕಾಶ ಒಂದೇ ಸಲ.

ಶಾಲೆ ಬದಲಿಸುವವರಿಗೆ ಇದಕ್ಕಿಂತ ದೊಡ್ಡ ಬಲೆ ಗ್ರಾಮೀಣ ಕೋಟಾ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ. ಅದು ಸಿಗಬೇಕಾದರೆ ಮೂರು, ನಾಲ್ಕು, ಐದು, ಮೂರೂ ವರ್ಷ ಪೂರ್ತಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಆ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಅಭ್ಯರ್ಥಿ ಆಗುತ್ತದೆ. ಮೂರನೇ ತರಗತಿಯ ಜೂನ್‌ನಲ್ಲಿ ಪಟ್ಟಣದ ಶಾಲೆಗೆ ಸೇರಿಸಿ, ಹಿಡಿಸಲಿಲ್ಲ ಅಂತ ಜುಲೈನಲ್ಲಿ ಹಳ್ಳಿಗೆ ವಾಪಸ್ ತಂದರೂ ಅಷ್ಟೇ. ಊರು ಪಟ್ಟಣ ಪಂಚಾಯಿತಿ ಆಗಿದೆಯೇ ಅಂತಲೂ ನೋಡಿಕೊಳ್ಳಿ. ಸುತ್ತ ಗದ್ದೆ ಇದ್ದ ಮಾತ್ರಕ್ಕೆ ಗ್ರಾಮೀಣ ಆಗುವುದಿಲ್ಲ, ಲೆಕ್ಕಕ್ಕೆ ಬರುವುದು ಅಧಿಸೂಚನೆ.

ಮೂರನೆಯದು ಜಿಲ್ಲೆ. ಐದನೇ ತರಗತಿ ಯಾವ ಜಿಲ್ಲೆಯಲ್ಲಿ ಓದುತ್ತದೋ ಆ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ, ವಾಸವೂ ಅಲ್ಲೇ ಇರಬೇಕು. ವರ್ಗಾವಣೆ ತಪ್ಪಿಸಲಾಗದಿದ್ದರೆ ಐದನೇ ತರಗತಿ ಆರಂಭವಾಗುವ ಮೊದಲೇ ಬದಲಿಸಿ, ನಡುವೆ ಬದಲಿಸಬೇಡಿ. ಅರ್ಜಿಗೆ ಐದನೇ ತರಗತಿಯ ಮುಖ್ಯ ಶಿಕ್ಷಕರು ದೃಢೀಕರಿಸಿದ ಪ್ರಮಾಣಪತ್ರ ಬೇಕು. ಅದರಲ್ಲಿ ಹಿಂದಿನ ತರಗತಿಗಳ ಶಾಲೆಯ ವಿವರವೂ ಬರುತ್ತದೆ. ಮಗುವನ್ನು ಎರಡು ತಿಂಗಳಿಂದ ಮಾತ್ರ ಬಲ್ಲ ಹೊಸ ಮುಖ್ಯ ಶಿಕ್ಷಕರು ಹಿಂದಿನ ವಿವರಕ್ಕೆ ಸಹಿ ಹಾಕಲು ಹಿಂದೇಟು ಹಾಕಿದರೆ ಅವರ ತಪ್ಪಲ್ಲ. ಹಳೆಯ ಶಾಲೆಯಿಂದ ಮೂರು-ನಾಲ್ಕನೇ ತರಗತಿಯ ವ್ಯಾಸಂಗ ಪ್ರಮಾಣಪತ್ರ, ಸೇರಿದ ಮತ್ತು ಬಿಟ್ಟ ದಿನಾಂಕ, ಗ್ರಾಮೀಣವೋ ನಗರವೋ ಎಂಬ ಒಕ್ಕಣೆ ಸಮೇತ, ಟಿ.ಸಿ. ತರುವ ದಿನವೇ ತನ್ನಿ.

ಪರೀಕ್ಷೆ 2 ಗಂಟೆ, 80 ಪ್ರಶ್ನೆ, 100 ಅಂಕ: ಮಾನಸಿಕ ಸಾಮರ್ಥ್ಯ 40 ಪ್ರಶ್ನೆಗೆ 50, ಅಂಕಗಣಿತ 20ಕ್ಕೆ 25, ಭಾಷೆ 20ಕ್ಕೆ 25. ಕನ್ನಡದಲ್ಲೇ ಬರೆಯಬಹುದು. ತರಗತಿಯ ಪಾಠ ಸಪ್ಪೆ ಅನ್ನಿಸುವ ಮಗುವಿಗೆ ಆಕೃತಿಗಳ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳು ನಿಜಕ್ಕೂ ಖುಷಿ ಕೊಡುತ್ತವೆ. ನವೋದಯ ಸಿಗಲಿ ಬಿಡಲಿ, ನಾಲ್ಕನೇ ತರಗತಿಯಿಂದ ವಾರಕ್ಕೆರಡು ಸಲ ಕೊಡಿ.

ಹೊಸಹಾದಿ

ನವೋದಯ ಬೇಡ ಅನ್ನುವವರಿಗೆ? ಹಾಸ್ಟೆಲಿಗೆ ಕಳಿಸಲು ಎಲ್ಲರಿಗೂ ಮನಸ್ಸಿರುವುದಿಲ್ಲ. ಮಗು ಎರಡು ವರ್ಷ ಮುಂದಿದ್ದರೆ ಒಂದು ವರ್ಷ ಹಾರಿಸುವುದು ಅನ್ಯಾಯವೇನಲ್ಲ.

ಬಯಲುಸೀಮೆ

ಅನ್ಯಾಯ ಅಲ್ಲ. ಒಂದು ವಿಷಯದಲ್ಲಲ್ಲದೆ ಎಲ್ಲದರಲ್ಲೂ ಮುಂದಿರುವ ಮಗುವಿಗೆ ಅದರಿಂದ ಒಳ್ಳೆಯದೂ ಆಗಬಹುದು, ಒಪ್ಪುತ್ತೇನೆ. ಆದರೆ ಹತ್ತು ವರ್ಷ ಮುಂದಿನ ಲೆಕ್ಕ ಹಾಕಿ. 2025–26ರಲ್ಲಿ ಒಂದನೇ ತರಗತಿಗೆ 5 ವರ್ಷ 5 ತಿಂಗಳಿಗೆ ವಿನಾಯಿತಿ ಕೊಟ್ಟಿದ್ದರು. 2020ರ ಜನವರಿ 1ರಂದು ಹುಟ್ಟಿ ಆ ವಿನಾಯಿತಿಯಲ್ಲಿ ಸೇರಿದ ಮಗು ನೇರವಾಗಿ ಓದಿದರೆ 2037ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ಮುಗಿಸುತ್ತದೆ. ಒಂದು ತರಗತಿ ಹಾರಿದರೆ 2036ರ ಮಾರ್ಚ್. ವೈದ್ಯಕೀಯ ಪ್ರವೇಶದ ನೀಟ್‌ಗೆ ಈಗಿರುವ ನಿಯಮದಂತೆ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಈ ಮಗುವಿಗೆ 17 ತುಂಬುವುದು 2037ರ ಜನವರಿ 1ಕ್ಕೆ. ಒಂದೇ ದಿನದಲ್ಲಿ ತಪ್ಪಿ, ಹಾರಿ ಗಳಿಸಿದ ವರ್ಷವನ್ನು ಮನೆಯಲ್ಲಿ ಕೂತು ಕಳೆಯಬೇಕಾಗುತ್ತದೆ. ಆರು ತುಂಬಿ ಸೇರಿದ ಮಗುವಿಗೆ ಈ ತೊಂದರೆ ಇಲ್ಲ. ಹುಟ್ಟಿದ ತಾರೀಖು ಹಿಡಿದು ನೀವೇ ಲೆಕ್ಕ ಹಾಕಿಕೊಳ್ಳಿ.

ಏಣಿಮೆಟ್ಟಿಲು ಸರ್ ಹೇಳಿದ ದಾರಿಯಲ್ಲಿ ಹೆಸರು ನಾಲ್ಕರಲ್ಲೇ ಇರುತ್ತದೆ, ಗಣಿತ ಮಾತ್ರ ಐದರದ್ದು. ಯಾವ ದಾಖಲೆಯೂ ಕೆಡುವುದಿಲ್ಲ, ಹೊಂದಲಿಲ್ಲ ಅಂದರೆ ಮರುದಿನವೇ ವಾಪಸ್ ಬರಬಹುದು.

ಕಡತ

ದಾಖಲೆಯ ಮಾತು ಬಂತಲ್ಲ, ಟಿ.ಸಿ. ಬಗ್ಗೆ.

ಶಿಕ್ಷಣ ಹಕ್ಕು ಕಾಯ್ದೆಯ ಕಲಂ 5ರ ಪ್ರಕಾರ ರಾಜ್ಯದೊಳಗೆ ಅಥವಾ ಹೊರಗೆ ಯಾವುದೇ ಕಾರಣಕ್ಕೆ ಶಾಲೆ ಬದಲಿಸಬೇಕಾದರೆ ಮುಖ್ಯ ಶಿಕ್ಷಕರು ತಕ್ಷಣ ಟಿ.ಸಿ. ಕೊಡಬೇಕು. ಟಿ.ಸಿ. ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಇದು 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ತರಗತಿಯವರೆಗೆ.

ಕಾಗದ ಕೈಗೆ ಬಂದರೂ ಕೆಲಸ ಅರ್ಧವೇ. ಎಸ್.ಎ.ಟಿ.ಎಸ್.ನಲ್ಲಿ (ರಾಜ್ಯದ ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ಹಳೆಯ ಶಾಲೆ ಮಗುವನ್ನು ಬಿಟ್ಟುಕೊಡದಿದ್ದರೆ ಹೊಸ ಶಾಲೆಯಲ್ಲಿ ಹೆಸರು ಏರುವುದಿಲ್ಲ. ಯುಡೈಸ್ ಪ್ಲಸ್‌ನಲ್ಲೂ ಹಳೆಯ ಶಾಲೆ ಮಗುವಿನ ಹೆಸರನ್ನು ಡ್ರಾಪ್‌ಬಾಕ್ಸ್‌ಗೆ (ಶಾಲೆ ಬಿಟ್ಟವರ ಪಟ್ಟಿ) ಹಾಕಬೇಕು, ಹೊಸಬರು ಅಲ್ಲಿಂದ ತೆಗೆದುಕೊಳ್ಳಬೇಕು. ಎರಡು ಕಡೆಯೂ ಆಗಿದೆಯೇ ಅಂತ ಆ ದಾಖಲೆಗಳಲ್ಲಿರುವ ಮಗುವಿನ ಸಂಖ್ಯೆ ಹೇಳಿ ಕೇಳಿ. ಒಂದು ಕಡೆ ಆಗಿ ಇನ್ನೊಂದು ಕಡೆ ಉಳಿದಿರುವುದೇ ಹೆಚ್ಚು. ಹೆಸರಿನ ಒಂದಕ್ಷರ ಆಧಾರ್‌ಗೂ ದಾಖಲೆಗೂ ಬೇರೆ ಇದ್ದರೆ ಹಳೆಯ ಶಾಲೆಯಲ್ಲಿರುವಾಗಲೇ ಸರಿಮಾಡಿಸಿ. ವಿದ್ಯಾರ್ಥಿವೇತನದ ಅರ್ಜಿಗಳು ಸಿಕ್ಕಿಬೀಳುವುದು ಈ ಒಂದಕ್ಷರದಲ್ಲಿ.

ಬೆಳಕಿಂಡಿ

ಐ.ಕ್ಯೂ. (ಬುದ್ಧಿಮಟ್ಟ) ಪರೀಕ್ಷೆ ಮಾಡಿಸಿ ವರದಿ ಕೊಟ್ಟರೆ ಶಾಲೆ ಒಪ್ಪುತ್ತದೆಯೇ ಅಂತ ಬಹಳ ಜನ ಕೇಳುತ್ತಾರೆ. ಸರ್ಕಾರಿ ಶಾಲೆಯಲ್ಲಿ ಅದರಿಂದ ಏನೂ ಆಗುವುದಿಲ್ಲ. ಸೇತುಬಂಧದ ಹಾಳೆಗಿರುವ ತೂಕ ಅದಕ್ಕಿಲ್ಲ. ಇನ್ನು ಪರೀಕ್ಷೆಗಳ ಹಳೆತನ ನೋಡಿ. ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಯನ್ನು ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ನಮ್ಮ ಉತ್ತರ ಕರ್ನಾಟಕದ ಮಕ್ಕಳಿಗಾಗಿ ರೂಪಿಸಿದ್ದು 1930ರ ದಶಕದಲ್ಲಿ. ಹೆಮ್ಮೆಯ ಕೆಲಸವೇ. ಆದರೆ ಅಷ್ಟು ಹಳೆಯ ಮಾನದಂಡದಲ್ಲಿ ಇಂದಿನ ಮಗುವಿಗೆ 135 ಬಂತು ಅಂದರೆ ಆ ಸಂಖ್ಯೆ ಉಬ್ಬಿರುವ ಸಾಧ್ಯತೆಯೇ ಹೆಚ್ಚು.

ಪರೀಕ್ಷೆ ಬೇಕೇಬೇಕಾದ ಸಂದರ್ಭ ಒಂದಿದೆ. ಮಗು ಬಾಯಿಮಾತಿನಲ್ಲಿ ಎಲ್ಲರಿಗಿಂತ ಮುಂದೆ, ಬರೆಯಲು ಕೂತರೆ ಎಲ್ಲರಿಗಿಂತ ಹಿಂದೆ. ಕಥೆಯನ್ನು ಸರಿಯಾಗಿ ಹೇಳುತ್ತದೆ, ಒತ್ತಕ್ಷರ ಬಿಡುತ್ತದೆ, ಕಾಗುಣಿತ ಅದಲುಬದಲು, ಬೋರ್ಡಿನಿಂದ ನಕಲು ಮಾಡಲು ಅರ್ಧ ಗಂಟೆ. ಇಲ್ಲಿ ಬುದ್ಧಿಯ ಹೊಳಪು ತೊಂದರೆಯನ್ನು ಮುಚ್ಚುತ್ತದೆ, ತೊಂದರೆ ಬುದ್ಧಿಯನ್ನು ಮುಚ್ಚುತ್ತದೆ. ಎರಡೂ ಸೇರಿ ಅಂಕ ‘ಸಾಧಾರಣ’ ಅಂತ ಬರುತ್ತದೆ, ಯಾರೂ ವಿಚಾರಿಸುವುದಿಲ್ಲ. ಹಳೆಯ ಶಿಕ್ಷಕರಿಗೆ ಅಭ್ಯಾಸವಾಗಿ ಬಾಯಲ್ಲಿ ಕೇಳಿ ಅಂಕ ಕೊಡುತ್ತಿರುತ್ತಾರೆ. ಹೊಸ ಶಾಲೆಯಲ್ಲಿ ಮೊದಲ ಎಫ್.ಎ.ಯಲ್ಲೇ ಮಗು ಕುಸಿಯುತ್ತದೆ. ಇಂಥ ಮಗುವನ್ನು ಶಾಲೆ ಬದಲಿಸುವ ಮೊದಲೇ ತೋರಿಸಿ: ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಹತ್ತಿರದ್ದು ಯಾವುದೋ ಅದು. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಬಿ.ಆರ್.ಸಿ.ಯಲ್ಲಿರುವ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಬಿ.ಐ.ಇ.ಆರ್.ಟಿ., ಅಂದರೆ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಶಿಕ್ಷಕರನ್ನು ಕಂಡು ವರದಿ ಕೊಡಿ. ‘ಬಾಯಿಮಾತಿನ ಮೌಲ್ಯಮಾಪನ, ಜೊತೆಗೆ ಮುಂದಿನ ಹಂತದ ಲೆಕ್ಕ’ ಅಂತ ಎರಡನ್ನೂ ಒಟ್ಟಿಗೆ ಕೇಳಿ. ಮೊದಲನೆಯದು ಕೊಟ್ಟು ಎರಡನೆಯದನ್ನು ಬಿಟ್ಟರೆ ಮಗುವಿಗೆ ಸಿಗುವುದು ಬರೇ ಅನುಕಂಪ.

ಚಂದ್ರಗಿರಿ

ಗಡಿಯಾಚೆಯಿಂದ ಬರುವವರಿಗೆ ಒಂದೆರಡು ವಿಷಯ. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳಿಂದ ದಕ್ಷಿಣ ಕನ್ನಡಕ್ಕೆ ಬರುವ ಮಕ್ಕಳಿಗೆ ಎಸ್.ಎ.ಟಿ.ಎಸ್. ಸಂಖ್ಯೆ ಇರುವುದಿಲ್ಲ, ಹೊಸದಾಗಿ ಆಗಬೇಕು. ಯುಡೈಸ್‌ನ ಪೆನ್ (ಮಗುವಿನ ಶಾಶ್ವತ ಶಿಕ್ಷಣ) ಸಂಖ್ಯೆ ದೇಶಕ್ಕೆಲ್ಲ ಒಂದೇ, ಅದನ್ನು ಬರೆದುಕೊಂಡು ಬನ್ನಿ. ಹೊರರಾಜ್ಯದ ಟಿ.ಸಿ.ಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಸಾಮಾನ್ಯವಾಗಿ ಕೇಳುತ್ತಾರೆ, ಹೊರಡುವ ಮೊದಲೇ ಹಾಕಿಸಿ. ಕೇರಳದಲ್ಲಿ ನಾಲ್ಕರಲ್ಲಿ ಎಲ್.ಎಸ್.ಎಸ್., ಏಳರಲ್ಲಿ ಯು.ಎಸ್.ಎಸ್. ಎಂದು ಹೆಸರಾದ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಮಗು ಅದರಲ್ಲಿ ತೇರ್ಗಡೆಯಾಗಿದ್ದರೆ ಪ್ರಮಾಣಪತ್ರವನ್ನು ಆ ಎಂಟು ಹಾಳೆಗಳ ಮೇಲ್ಗಡೆ ಇಡಿ. ಈಚೆ ಕಡೆಯ ಶಿಕ್ಷಕರಿಗೆ ಅದರ ಹೆಸರು ಗೊತ್ತಿರಲಿಕ್ಕಿಲ್ಲ, ಏನೆಂದು ಒಂದು ಸಾಲು ಬರೆದು ಅಂಟಿಸಿ.

ಬಯಲುಸೀಮೆ

ಇನ್ನೆರಡು ವರ್ಷಗಳನ್ನು ಗುರುತು ಹಾಕಿಕೊಳ್ಳಿ.

ಒಂದು ಎಂಟನೇ ತರಗತಿ. ಎನ್.ಎಂ.ಎಂ.ಎಸ್. (ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ) ಪರೀಕ್ಷೆ ಆಗ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಪೋಷಕರ ವಾರ್ಷಿಕ ಆದಾಯ 3.5 ಲಕ್ಷದೊಳಗಿರಬೇಕು, ಏಳರಲ್ಲಿ ಶೇ. 55 ಬೇಕು, ಪರಿಶಿಷ್ಟರಿಗೆ ಶೇ. 5 ರಿಯಾಯಿತಿ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಯ ಶಾಲೆಯವರಿಗೆ ಮಾತ್ರ. ಖಾಸಗಿ ಶಾಲೆ, ಕೇಂದ್ರೀಯ ವಿದ್ಯಾಲಯ, ನವೋದಯ, ರಾಜ್ಯ ಸರ್ಕಾರದ ವಸತಿ ಶಾಲೆಯ ಮಕ್ಕಳಿಗೆ ಇಲ್ಲ. ಆಯ್ಕೆಯಾದ ಮೇಲೆ ಒಂಬತ್ತಕ್ಕೆ ಖಾಸಗಿಗೆ ಹೋದರೂ ನಿಲ್ಲುತ್ತದೆ. ಮೊರಾರ್ಜಿ ವಸತಿ ಶಾಲೆಯೋ ಊರಿನ ಪ್ರೌಢಶಾಲೆಯೋ ಎಂದು ತೂಗುವವರು ಇದನ್ನೂ ತಕ್ಕಡಿಗೆ ಹಾಕಿ. ಊಟ, ವಸತಿ, ಪುಸ್ತಕ ಸಿಗುವ ವಸತಿ ಶಾಲೆಯೇ ಬಹಳ ಮನೆಗಳಿಗೆ ಮೇಲು, ಆದರೆ ಗೊತ್ತಿದ್ದು ಆರಿಸಬೇಕು.

ಇನ್ನೊಂದು ಆರನೇ ತರಗತಿ, ಇಂಗ್ಲಿಷ್ ಮಾಧ್ಯಮಕ್ಕೆ ಜಿಗಿಯುವ ವರ್ಷ. ಮಗು ಜಾಣ, ನಿಭಾಯಿಸುತ್ತದೆ ಅಂತ ಬದಲಿಸುತ್ತಾರೆ. ಪಿಯುಸಿ ಆದ ಮೇಲಿನ ವೃತ್ತಿಪರ ಕೋರ್ಸುಗಳ ಸಿಇಟಿ ಸೀಟು ಹಂಚಿಕೆಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇ. 5, ಗ್ರಾಮೀಣರಿಗೆ ಶೇ. 15 ಮೀಸಲು. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹಾಗೇ ಓದಿರಬೇಕು. ಒಂದು ವರ್ಷ ತಪ್ಪಿದರೂ ಹೋಯಿತು. ಬದಲಿಸುವುದಾದರೆ ಹೊಸ ಶಾಲೆಯ ಶಿಕ್ಷಕರಿಗೆ ಮೊದಲೇ ಹೇಳಿ: ಲ.ಸಾ.ಅ., ಮ.ಸಾ.ಅ., ಛೇದ, ಅಂಶ ಎಲ್ಲ ಬಲ್ಲ ಮಗುವಿಗೆ ಅವುಗಳ ಇಂಗ್ಲಿಷ್ ಹೆಸರು ಗೊತ್ತಿರುವುದಿಲ್ಲ. ಮೊದಲ ಎರಡು ತಿಂಗಳು ಮಗು ದಡ್ಡನಂತೆ ಕಾಣುತ್ತದೆ. ಗಣಿತದ 60–70 ಪದಗಳನ್ನು ಎರಡೂ ಭಾಷೆಯಲ್ಲಿ ಒಂದು ಹಾಳೆಗೆ ಬರೆದು ನೋಟ್‌ಬುಕ್ಕಿನ ಒಳರಟ್ಟಿಗೆ ಅಂಟಿಸಿದರೆ ಈ ಅವಧಿ ಅರ್ಧಕ್ಕಿಳಿಯುತ್ತದೆ.

ತುಂಗಾತೀರ

ಎಲ್ಲರಿಗೂ ವಂದನೆ. ಕೊಡಬೇಕಾದ ಮನವಿಯ ಒಂದು ನಮೂನೆ ಯಾರಾದರೂ ಹಾಕಬಹುದೇ?

ಏಣಿಮೆಟ್ಟಿಲು

ಒಂದೇ ಪುಟ, ಕೈಬರಹವಾದರೂ ನಡೆಯುತ್ತದೆ.

ಗೆ,
ಮುಖ್ಯ ಶಿಕ್ಷಕರು,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, …

ಮಾನ್ಯರೇ,

ವಿಷಯ: 4ನೇ ತರಗತಿಯ … ಇವಳಿಗೆ ಗಣಿತದಲ್ಲಿ ಹೆಚ್ಚುವರಿ ಬೋಧನೆ ಕೋರಿ.

ನಮ್ಮ ಮಗಳು ಈ ಸಾಲಿನಲ್ಲಿ ತಮ್ಮ ಶಾಲೆಗೆ ದಾಖಲಾಗಿದ್ದಾಳೆ. ಜೂನ್ ತಿಂಗಳಲ್ಲಿ ತರಗತಿ ಶಿಕ್ಷಕರು ನೀಡಿದ 5ನೇ ತರಗತಿಯ ಸೇತುಬಂಧ ಗಣಿತ ಪೂರ್ವ ಪರೀಕ್ಷೆಯಲ್ಲಿ 20ಕ್ಕೆ 17 ಸರಿ ಉತ್ತರ ಬರೆದಿದ್ದಾಳೆ. ಹಿಂದಿನ ಶಾಲೆಯ ಶಿಕ್ಷಕರ ಟಿಪ್ಪಣಿ ಹಾಗೂ ನೋಟ್‌ಬುಕ್ಕಿನ ಎರಡು ಪುಟ ಲಗತ್ತಿಸಿದೆ. ವಾರಕ್ಕೆ ಎರಡು ಗಣಿತದ ಅವಧಿಗಳಲ್ಲಿ ಅವಳಿಗೆ 5ನೇ ತರಗತಿಯಲ್ಲಿ ಕುಳಿತುಕೊಳ್ಳಲು, ದಸರಾ ರಜೆಯವರೆಗೆ ಪ್ರಾಯೋಗಿಕವಾಗಿ, ಅನುಮತಿ ನೀಡಬೇಕಾಗಿ ಕೋರುತ್ತೇವೆ. ಹಾಜರಾತಿ ಮತ್ತು ಮೌಲ್ಯಮಾಪನ 4ನೇ ತರಗತಿಯಲ್ಲಿಯೇ ಇರಲಿ. ರಜೆಯ ನಂತರ ತಮ್ಮೊಂದಿಗೆ ಕುಳಿತು ಪರಿಶೀಲಿಸಲು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿಗಳು, …

‘ದಸರಾ ರಜೆಯವರೆಗೆ’ ಅನ್ನುವುದನ್ನು ಬಿಡಬೇಡಿ. ವರ್ಷಪೂರ್ತಿ ಅಂದರೆ ಹಿಂಜರಿಯುವವರು ಮೂರು ತಿಂಗಳಿಗೆ ಒಪ್ಪುತ್ತಾರೆ. ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಹಾಕಿಸಿಕೊಳ್ಳಿ.

ಜೋಳದರೊಟ್ಟಿ

ಹೆಡ್‌ಮಾಸ್ತರು ಒಪ್ಪಲಿಲ್ಲ ಅಂದ್ರ ಸೀದಾ ಬಿ.ಇ.ಓ. (ತಾಲ್ಲೂಕಿನ ಶಿಕ್ಷಣಾಧಿಕಾರಿ) ಆಫೀಸಿಗೆ ಓಡಬ್ಯಾಡ್ರಿ. ಮೊದಲು ಸಿ.ಆರ್.ಪಿ.ಯವರನ್ನ (ಸುತ್ತಲಿನ ಸಾಲಿಗಳ ಸಂಪನ್ಮೂಲ ವ್ಯಕ್ತಿ) ಹಿಡೀರಿ. ಅವ್ರು ಸಾಲಿಗಳಿಗೆ ಬಂದು ಪಾಠ ನೋಡ್ತಾರ, ಅವ್ರೂ ಮಾಸ್ತರೇ. ಮಗೂನ ಹಾಳಿ ತೋರಿಸ್ರಿ. ಅವ್ರು ಬಂದಾಗ ನಾಕು ಲೆಕ್ಕ ತಾವೇ ಕೇಳಿ ನೋಡಿದ್ರ ಕೆಲಸ ಆಗ್ತದ. ಆಮ್ಯಾಲೆ ಎಸ್.ಡಿ.ಎಂ.ಸಿ. (ಅಪ್ಪ-ಅವ್ವಂದಿರು ಇರೋ ಸಾಲಿ ಸಮಿತಿ) ಸಭೆ. ಅಲ್ಲಿ ನಿಮ್ಮ ಕೂಸಿನ ಹೆಸರು ತಗೀಬ್ಯಾಡ್ರಿ. ‘ಲಗೂನ ಮುಗಿಸೋ ಮಕ್ಕಳಿಗೆ ಗ್ರಂಥಾಲಯದ ಕಪಾಟು ದಿನಾ ತೆರೀಬೇಕು’ ಅಂತ ಎಲ್ಲರ ಪರವಾಗಿ ಕೇಳ್ರಿ. ಭಾಳ ಸಾಲ್ಯಾಗ ಪುಸ್ತಕ ಇರ್ತಾವ, ಕೀಲಿ ಇರ್ತದ. ಗ್ರಾಮ ಪಂಚಾಯ್ತಿ ಗ್ರಂಥಾಲಯದಾಗ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಐತಿ, ಊರಿಗೆ ಬಂದ ವಾರದಾಗ ಮಾಡಿಸ್ರಿ.

ಕಡತ

ಆರನೇ ತರಗತಿ ಮತ್ತು ಮೇಲಿನವರು ಇನ್‌ಸ್ಪೈರ್ ಮಾನಕ್ (ಮಕ್ಕಳ ವಿಜ್ಞಾನದ ಹೊಸ ಯೋಚನೆಗಳಿಗೆ ಕೇಂದ್ರದ ಪ್ರಶಸ್ತಿ ಯೋಜನೆ) ಬಗ್ಗೆ ಜುಲೈನಲ್ಲೇ ವಿಜ್ಞಾನ ಶಿಕ್ಷಕರನ್ನು ಕೇಳಿ. ಶಾಲೆಯಿಂದ ಐದು ಯೋಚನೆಗಳನ್ನು ಆನ್‌ಲೈನ್‌ನಲ್ಲಿ ಕಳಿಸಬಹುದು, ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಬ್ಯಾಂಕ್ ಖಾತೆಗೆ. ಹೊಸದಾಗಿ ಬಂದ ಮಗು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ, ಹಳಬರ ಹೆಸರಲ್ಲೇ ಐದೂ ತುಂಬಿಹೋಗುತ್ತದೆ. ಯೋಚನೆಯನ್ನು ಅರ್ಧ ಪುಟದಲ್ಲಿ ಬರೆದು, ಚಿತ್ರ ಬಿಡಿಸಿ, ಮಗುವೇ ಕೊಡಲಿ. ಬ್ಯಾಂಕ್ ಖಾತೆ ಊರು ಬಿಟ್ಟ ಶಾಖೆಯದ್ದಾದರೂ ಪರವಾಗಿಲ್ಲ, ಚಾಲ್ತಿಯಲ್ಲಿರಬೇಕು, ಹೆಸರು ಶಾಲಾ ದಾಖಲೆಯಂತೆಯೇ ಇರಬೇಕು.